ದಾಖಲೆ ಸಂಖ್ಯೆ ಹದಿನಾಲ್ಕು

ಒಬ್ಬೊಬ್ಬರಿಗೆ ಮೂರು ನಿಮಿಷ.
ಹಸಿರು ದೀಪ, ಹಳದಿ, ಆಮೇಲೆ ಕೆಂಪು.
ಕೆಂಪಾದ ಮೇಲೆ ಆಡಿದ್ದು ಮಾತಲ್ಲ,
ನಾನು ಬರೆದುಕೊಳ್ಳುವಂತಿಲ್ಲ.
ಹತ್ತೊಂಬತ್ತು ವರ್ಷದಿಂದ
ಈ ನಗರಸಭೆಯ ನಡಾವಳಿಯೆಲ್ಲ ನನ್ನ ಅಕ್ಷರ.

ವಿಸ್ಕಾನ್ಸಿನ್ನಿನ ಈ ಸಪಾಟು ನೆಲದಲ್ಲಿ
ನಮಗಿರುವುದು ಒಂದೇ ಗುಡ್ಡ,
ಅದೂ ನಾವೇ ಮಾಡಿಕೊಂಡದ್ದು:
ನಲವತ್ತು ವರ್ಷದ ಡಯಾಪರು, ಸೋಫಾ, ಕ್ರಿಸ್‌ಮಸ್ ಗಿಡ,
ಮುಚ್ಚಿಹೋದ ಕಾಗದದ ಗಿರಣಿಯ ಬೂದಿ.
ಸಮುದ್ರ ಕಾಣದ ಊರಿಗೆ
ಕಡಲಹಕ್ಕಿ ಬಂದದ್ದು ಅದರ ಋಣದಿಂದ.

ಈಗ ಕಂಪನಿಗೆ ಇನ್ನೂ ಅರವತ್ತು ಎಕರೆ ಬೇಕು, ಪೂರ್ವಕ್ಕೆ,
ಟ್ಯಾಮರಾಕ್ ಬೀದಿಯ ಹಿತ್ತಿಲುಗಳ ತನಕ.
ಅವರ ಎಂಜಿನಿಯರ್ ನಕ್ಷೆ ತೋರಿಸಿದ.
ನಕ್ಷೆಯಲ್ಲಿ ಗುಡ್ಡ ಹಸಿರು, ಮನೆಗಳು ಬೂದು.
"ಗಾಳಿ ಬಹುಪಾಲು ಪಶ್ಚಿಮದಿಂದ," ಎಂದ.
ಪಶ್ಚಿಮದಿಂದ ಬಂದದ್ದು ಹೋಗುವುದೆಲ್ಲಿಗೆ
ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.
ಹೆಸರು ಹೇಳದೆ ಕೇಳಿದ್ದರಿಂದ ಬರೆಯಲಿಲ್ಲ.

ಮೂಗು ಮುಚ್ಚಿದರೆ ಬಾಯಿ ತೆರೆಯುತ್ತದಲ್ಲ,
ಹಾಗೆ ಎದ್ದರು ಒಬ್ಬೊಬ್ಬರೇ.
ಗಿರಣಿಯ ಮುದುಕ ಕ್ಯಾಸಿಮಿರ್ ವಾಂಟಾ
ಹೆಂಡತಿ ತೀರಿಕೊಂಡ ಜುಲೈ ತಿಂಗಳಿಂದ ಶುರುಮಾಡಿದ:
ಕಿಟಕಿ ತೆರೆ ಅಂತ ಅವಳು, ಬೇಡ ಅಂತ ಇವನು,
ಕೊನೆಗೆ ತೆರೆದನೋ ಇಲ್ಲವೋ...
ಕೆಂಪು.
ಬರೆದೆ: ಶ್ರೀ ವಾಂಟಾ, ವಿರೋಧ.
ಶಾಲಾ ಬಸ್ಸಿನ ಲೊರೇನ್ ಪ್ರಿಲ್ಲಮನ್
ಅಂಗಿಯ ಕಾಲರು ಮೂಗಿನ ಮೇಲೆಳೆದು ನಿಂತ ಮಕ್ಕಳನ್ನು
ಕಣ್ಣು ನೋಡಿಯೇ ಗುರುತು ಹಿಡಿಯುತ್ತಾಳಂತೆ.
ವಿರೋಧ.
ಕಸದ ಲಾರಿಯ ಡ್ವೇನ್ ಹ್ಯಾಲ್ವರ್ಸನ್ ಟೋಪಿ ಕೈಯಲ್ಲಿ ಹಿಡಿದು,
"ನೀವು ಎಸೆದದ್ದು ಎಲ್ಲಿಗಾದರೂ ಹೋಗಬೇಕಲ್ಲ?" ಎಂದ.
ಅವನ ಮುಖ ಯಾರೂ ನೋಡಲಿಲ್ಲ.
ಪರ.

ಆಮೇಲೆ ಪಾ ನ್ಯಾ ಥಾವ್.
ಮೊಮ್ಮಗನ ಅನುವಾದಕ್ಕೆ ಅರ್ಧ ಹೋಗಿ
ಅವಳ ಪಾಲಿಗೆ ಉಳಿಯುವುದು ಒಂದೂವರೆ ನಿಮಿಷ.
ಚೀಲದಿಂದ ಒಂದು ಎಲೆಕೋಸು ತೆಗೆದಳು,
ಬೇಲಿಯಂಚಿನ ತನ್ನ ಮಡಿಯದು, ಬೇರಿಗೆ ಇನ್ನೂ ಮಣ್ಣು.
ಮೈಕಿನ ಪಕ್ಕ ಇಟ್ಟಳು.
"ಇದನ್ನು ನಿಮ್ಮಲ್ಲಿ ಯಾರು ತಿನ್ನುತ್ತೀರಿ?"
ಹನ್ನೊಂದು ಸದಸ್ಯರು ತಂತಮ್ಮ ಕಾಗದ ನೋಡಿಕೊಂಡರು.
ಕೆಂಪಾಗುವ ತನಕ ಅವಳು ಸುಮ್ಮನೆ ಕಾದಳು.

ಸಭೆಗೆ ಒಪ್ಪಿಸಿದ್ದೆಲ್ಲ ದಾಖಲೆ,
ದಾಖಲೆಯ ಆಯುಸ್ಸು ಏಳು ವರ್ಷ. ಅದು ನಿಯಮ.
ಹದಿನಾಲ್ಕು ಎಂದು ಚೀಟಿ ಅಂಟಿಸಿ
ನೆಲಮಾಳಿಗೆಯ ಕಪಾಟಿನಲ್ಲಿಟ್ಟೆ.

ಆರು ಮತ, ಐದು ಮತ:
ಇನ್ನೊಂದು ಅಧ್ಯಯನ, ಟನ್ನಿಗೆ ಎರಡು ಡಾಲರ್ ಹೆಚ್ಚು,
ಗುಡ್ಡ ಕಾಣದ ಹಾಗೆ ಒಂದು ಸಾಲು ಪೈನ್ ಗಿಡ.
ತಿಪ್ಪೆ ಸಾರಿಸುವ ಭಾಷೆ ನನಗೆ ಬರುತ್ತದೆ,
ಸಂಬಳ ಅದಕ್ಕೇ.
"ನಿಮ್ಮ ಕಳಕಳಿಯನ್ನು ಗಮನಿಸಲಾಗಿದೆ":
ಎಂಬತ್ತಮೂರು ಪ್ರತಿ, ಎಂಬತ್ತಮೂರು ಲಕೋಟೆ,
ಮೇಯರ್ ಸಹಿಯ ರಬ್ಬರ್ ಮೊಹರು.
ಥಾವ್ ಮನೆಯ ಲಕೋಟೆಯನ್ನು ಮಾತ್ರ
ನಾಲಗೆಯಲ್ಲಿ ನೆನೆಸಲು ಯಾಕೋ ಆಗಲಿಲ್ಲ, ನೀರು ಹಚ್ಚಿದೆ.

ಕೆಳಗೆ ಕೋಸು ತನ್ನ ಪಾಡಿಗೆ ತಾನಿತ್ತು.
ಮೂರನೇ ವಾರ ಎಲೆಯಂಚು ಚಹಾ ಬಣ್ಣ.
ಐದನೇ ವಾರ ಆಸ್ತಿ ತೆರಿಗೆಯ ಕಡತಗಳೂ
ಹಳೇ ಚರಂಡಿ ನಕ್ಷೆಗಳೂ ಒಂದೇ ನಾತ.
ಮೆಟ್ಟಿಲು ಹತ್ತಿ ಅದು ಪರವಾನಗಿ ವಿಭಾಗಕ್ಕೆ ಬಂತು,
ಆಮೇಲೆ ಮೇಯರರ ಕೋಣೆಗೆ.
ನಾಲ್ಕು ಜನ ನೌಕರರು ಲಿಖಿತ ದೂರು ಕೊಟ್ಟರು.
ಅದೇ ಮಧ್ಯಾಹ್ನ ನಗರ ಕ್ರಮ ಕೈಗೊಂಡಿತು:
ಕಪ್ಪು ಚೀಲ, ಎರಡು ಗಂಟು.
ಗುರುವಾರ ಡ್ವೇನನ ಲಾರಿ.

ಪುಸ್ತಕದಲ್ಲಿ ಒಂದು ಕಾಲಂ ಇದೆ:
ದಾಖಲೆ ಈಗ ಎಲ್ಲಿದೆ?
ಖಾಲಿ ಬಿಡುವ ಹಾಗಿಲ್ಲ.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ
ಕಡಲಹಕ್ಕಿಗಳು ಬನ್ನಿನ ತುಂಡಿಗೆ ಜಗಳವಾಡುತ್ತಿದ್ದವು.
ಬರೆದೆ, ಎಂದಿನ ದುಂಡು ಅಕ್ಷರದಲ್ಲೇ:

ಗುಡ್ಡ. ಪೂರ್ವದ ಅಂಚು.
ಅವಧಿ ಇನ್ನೂ ಮುಗಿದಿಲ್ಲ.