ನಾಲ್ಕು ಮಿಲ್ಲಿ ಹಿಂದಕ್ಕೆ

ಕಟ್ಟಡ ಕಾಯುವ ಅಬ್ದುಲ್ ಮುಈನ್ ಕಸದ ಕೋಣೆಯಿಂದ
ಮೂರು ಸತ್ತ ಪ್ರಿಂಟರು ಹೊತ್ತು ತಂದ,
ಆರನೇ ಮಹಡಿಗೆ, ಲಿಫ್ಟು ಕೆಟ್ಟ ದಿನವೇ.
ಒಂದೊಂದರ ಹೊಟ್ಟೆಯಲ್ಲೂ ಎರಡೆರಡು ಮೋಟಾರು,
ಹಲ್ಲಿನ ಬೆಲ್ಟು, ನಯವಾದ ಒಂದು ಸರಳು.
ಉಳಿದ ಚಿಪ್ಪು ಅವನೇ ಇಳಿಸಿದ, ತಲೆಯಾಡಿಸುತ್ತ.

ಫರ್ವಾನಿಯಾದ ಈ ಬಾಲ್ಕನಿ ಉದ್ದ ಎರಡು ಮಾರು,
ಅಗಲ ಮಾರಿಗೆ ಒಂದು ಮೊಳ ಕಮ್ಮಿ.
ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದೆ.
ಶುಕ್ರವಾರದ ಸಂತೆಯ ಟ್ರಿಮ್ಮರಿಗೆ ಆರು ದಿನಾರು,
ಹಿಡಿಯ ಮೇಲೆ ಯಾರದೋ ಬೆರಳಿನ ಎಣ್ಣೆಗಪ್ಪು.
ಕೊಂಡರೆ ಸಿಗುವುದಿಲ್ಲವಾ ಇಂಥದ್ದು? ಅಂದ ಸುಕೇಶ.
ಸಿಗುತ್ತದೆ, ಅಂದೆ. ಹತ್ತರ ಸ್ಪ್ಯಾನರು ಕೊಡು.
ಹದಿಮೂರರದ್ದು ಕೊಟ್ಟ.

ಕಾರ್ಕಳದ ಪಾಲಿಟೆಕ್ನಿಕ್ಕಿನ ಲೇಥ್ ಶೆಡ್ಡಿನಲ್ಲಿ
ಜಡೆಯನ್ನು ಕೋಟಿನೊಳಗೆ ತುರುಕಿ ನಿಂತವಳು ನಾನೊಬ್ಬಳೇ.
ಇಲ್ಲಿ ನನ್ನ ಕಾರ್ಡಿನ ಮೇಲೆ ಇಪ್ಪತ್ತೆರಡು ಅಂತಿದೆ:
ಅವಲಂಬಿತೆ. ಸಂಬಳಕ್ಕೆ ದುಡಿಯುವಂತಿಲ್ಲ.
ಸಂಬಳ ಯಾರು ಕೇಳಿದರು?

ಮೊದಲು ಸೊನ್ನೆ ಎಲ್ಲಿದೆ ಎಂದು ಅದಕ್ಕೆ ಕಲಿಸಬೇಕು.
ಮೂಲೆಗೆ ಹೋಗಿ ಸ್ವಿಚ್ಚು ಮುಟ್ಟುತ್ತದೆ, ಟಿಕ್,
ಆಮೇಲಷ್ಟೇ ತಾನೆಲ್ಲಿದ್ದೇನೆಂಬ ಎಚ್ಚರ.
ಕರೆಂಟು ಹೋದರೆ ಪೂರಾ ಮರೆವು.
ಮತ್ತೆ ಮೂಲೆ, ಮತ್ತೆ ಟಿಕ್.
ನೂರು ನಡೆ ಅಂದರೆ ತೊಂಬತ್ತೆಂಟೂವರೆ ನಡೆದು
ನೂರು ಎಂದೇ ಪರದೆಯ ಮೇಲೆ ಬರೆಯುತ್ತದೆ.
ಸುಳ್ಳಲ್ಲ ಪಾಪ, ಅದರ ಮೊಳ ಬೇರೆ.
ಕ್ಯಾಲಿಪರು ಹಿಡಿದು ಮೂರು ರಾತ್ರಿ ತಿದ್ದಿದೆ.

ದಿಕ್ಕು ಬದಲಿಸುವಾಗ ಒಂದು ಗಳಿಗೆ
ತಿರುಪು ತಿರುಗುತ್ತದೆ, ಮೇಜು ಕದಲುವುದಿಲ್ಲ;
ನಟ್ಟಿನ ಹಲ್ಲಿನಲ್ಲಿ ಕೂದಲೆಳೆಯಷ್ಟು ಸಡಿಲ.
ರಜೆಗೆ ಇಳಿದ ಮೊದಲೆರಡು ದಿನ ನನಗೂ ಹೀಗೇ.
ಎರಡು ನಟ್ಟಿನ ನಡುವೆ ಸ್ಪ್ರಿಂಗು ಕೂರಿಸಿದೆ, ಅದಕ್ಕೆ.

ಜೂನಿನಲ್ಲಿ ಧೂಳೆದ್ದು ಎರಡು ದಿನ ಆಕಾಶ ಚಹಾದ ಬಣ್ಣ.
ಸಂದಿಗೆ ಒದ್ದೆ ಟವೆಲು ತುರುಕಿದರೂ
ಸರಳಿನ ಗ್ರೀಸಿನ ಮೇಲೆ ರಾಗಿಹಿಟ್ಟಿನಂಥ ಮರಳು.
ಎಲ್ಲ ಬಿಚ್ಚಿ, ಸುಕೇಶನ ಬನಿಯನಿನಲ್ಲಿ ಒರೆಸಿ, ಮತ್ತೆ ಸೊನ್ನೆ.

ಏನು ಕೊರೆಯಲಿ ಅಂದರೆ, ಇಲ್ಲೇ ಹುಟ್ಟಿದ ಸಾನಿಧ್ಯ
ಚೆನ್ನೆಮನೆ, ಅಂದಳು.
ಮನೆ ಅಲ್ಲ ಮಗಾ, ಮಣೆ. ನಾಲಿಗೆಯ ತುದಿ ಹಿಂದಕ್ಕೆ ಮಡಿಸು.
ಎಷ್ಟು ಹಿಂದಕ್ಕೆ?
ಯಾರೂ ನನ್ನನ್ನು ಇದು ಕೇಳಿರಲಿಲ್ಲ.
ನಾಲಿಗೆ ಆಚೀಚೆ ಆಡಿಸಿ ನೋಡಿ, ನಾಲ್ಕು ಮಿಲ್ಲಿ, ಅಂದೆ.
ಮನೆ, ಅಂದಳು. ಇನ್ನೊಂದು ಸಲ ಮನೆ.

ಕೆಳಗಿನ ನರ್ಸು ಡ್ಯೂಟಿಗೆ ಹೊರಟ ಮೇಲೆ
ಬೀಚ್ ಮರದ ಹಲಗೆಗೆ ನಾಲ್ಕು ಕ್ಲಾಂಪು ಬಿಗಿದೆ.
ಸಣ್ಣ ವೃತ್ತ, ಅದರೊಳಗೆ ಇನ್ನೂ ಸಣ್ಣದು,
ಮರ ತನ್ನಷ್ಟಕ್ಕೆ ಬಟ್ಟಲಾಗುತ್ತ ಹೋಯಿತು.
ಏಳನೆಯದರಲ್ಲಿ ಬೆಲ್ಟು ಒಂದು ಹಲ್ಲು ಹಾರಿ
ಗುಳಿ ಮೊಟ್ಟೆಯಾಯಿತು;
ಅಲ್ಲಿಂದಾಚೆ ಎದುರು ಸಾಲು ಪೂರಾ ಎರಡು ಮಿಲ್ಲಿ ಸರಿದದ್ದು.
ನಿಲ್ಲಿಸಲಿಲ್ಲ. ಮರ ದುಬಾರಿ.

ಎಹ್ ದಾ, ಯಾ ಮದಾಮ್? ಬಾಗಿಲಲ್ಲಿ ಅಬ್ದುಲ್ ಮುಈನ್.
ಬಗ್ಗಿ ನೋಡಿ, ಮನ್ಗಲಾ! ಎಂದು ಚಪ್ಪಲಿ ಕಳಚಿ ಕೂತೇಬಿಟ್ಟ.
ಗುಳಿ ಎಣಿಸಿ, ಎರಡು ಹೆಚ್ಚಿವೆ, ಅಂದ.
ತನ್ನ ಊರಿನಲ್ಲಿ ಇದನ್ನು ನೆಲದಲ್ಲೇ ತೋಡುತ್ತಾರಂತೆ
ಬೆರಳಿನಿಂದ, ಅರ್ಧ ನಿಮಿಷದಲ್ಲಿ.
ನನ್ನದಕ್ಕೆ ಏಳು ತಿಂಗಳು.

ಗುಳಿಗೆ ನಾಲ್ಕರಂತೆ ಕಾಯಿ ಬೇಕು, ಐವತ್ತಾರು.
ಡಬ್ಬಿಯಲ್ಲಿ ಉಳಿದ ನಟ್ಟು ಐವತ್ತಮೂರು.
ಮೂರಕ್ಕೆ ಖರ್ಜೂರದ ಬೀಜ.
ಅವಳು ಅರಬಿಯಲ್ಲಿ ಎಣಿಸಿದಳು, ಅವನು ಅವಳಿಗಿಂತ ಜೋರಾಗಿ.
ಗೆದ್ದಾಗ ನನ್ನ ಮಣೆ ಎಂದಳೋ, ನನ್ನ ಮನೆ ಎಂದಳೋ,
ಪಕ್ಕದ ಏಸಿಯ ಗುರುಗುರಿನಲ್ಲಿ ತಿಳಿಯಲಿಲ್ಲ.
ಬೆಲ್ಟನ್ನು ಇನ್ನೊಂದು ಹಲ್ಲು ಬಿಗಿ ಮಾಡಿದೆ.