ಮೊದಲು ಗೂಡಿನ ಮೇಲಿನ ನಂಬರು ಓದು

ಹೆಸರು ಹೇಳಬೇಡ, ಯುಲೀಸ್ ತೆರಿಯೊ,
ಹೆಸರು ಎಲ್ಲರೂ ಹೇಳುತ್ತಾರೆ.
ಗೂಡಿನ ಎಡಮಗ್ಗುಲಲ್ಲಿ, ತುಕ್ಕಿನಡಿ, ಒಂದು ನಂಬರಿದೆ.
ಹೆಬ್ಬೆರಳಿಗೆ ಎಣ್ಣೆ ಹಚ್ಚಿ ಉಜ್ಜಿ ಓದು.
ಕನ್ನಡಕ ತರಲಿಲ್ಲವೇ? ತಾ ಇತ್ತ.

ಬಾಯೂ ಲಫೂರ್ಶಿನ ಈ ದಂಡೆಯಲ್ಲಿ
ಮೂವತ್ತೊಂದು ವರ್ಷದಿಂದ ಕೋವಿ ಬಿಚ್ಚುತ್ತಿದ್ದೇನೆ,
ಸೀಗಡಿ ದೋಣಿಗಳ ಡೀಸೆಲ್ ನಾತದಲ್ಲಿ,
ಅಪ್ಪ ಬಿಟ್ಟುಹೋದ ತಗಡಿನ ಶೆಡ್ಡಿನಲ್ಲಿ.
ಬಂದವರದೆಲ್ಲ ಒಂದೇ ರಾಗ:
"ಎಲ್ಮೀರ್, ಎರಡೂ ಒಂದೇ ಕೋವಿ,
ಇದರದು ಬಿಚ್ಚಿ ಅದಕ್ಕೆ ಹಾಕು, ಅಷ್ಟೇ."
ಆ 'ಅಷ್ಟೇ'ಗೆ
ನನ್ನ ಅರ್ಧ ಆಯುಷ್ಯ ಸವೆಯಿತು.

ಹನ್ನೆರಡರ ನಳಿಗೆ ಇಪ್ಪತ್ತರ ಗೂಡಿಗೆ ಕೂರದು,
ಅದು ಹುಡುಗರಿಗೂ ಗೊತ್ತು.
ಗೊತ್ತಿಲ್ಲದ್ದು ಹೀಗೆ:
ಅದೇ ಕಾರ್ಖಾನೆ, ಅದೇ ವರ್ಷ,
ಹಿಂದೆಳೆದು ಮುಂದೂಡಿದರೆ ಅದೇ ಸದ್ದು,
ಕತ್ತಲಲ್ಲಿ ಕೇಳಿದರೆ ಅವಳಿ.
ಆದರೆ ಒಂದರ ಕೊಳವೆ ಐದು ತೋಟ ನುಂಗುತ್ತದೆ,
ಇನ್ನೊಂದಕ್ಕೆ ನಾಲ್ಕಕ್ಕೇ ಹೊಟ್ಟೆ ತುಂಬುತ್ತದೆ.
ಕೊಳವೆ ಗಿಡ್ಡವಾದಲ್ಲಿ
ನಳಿಗೆಯ ಬಳೆಯೂ ಹಿಂದೆ ಸರಿದಿರುತ್ತದೆ.
ಕೊಕ್ಕೆ ಒಂದರಲ್ಲಿ ಬಲಕ್ಕೆ,
ಇನ್ನೊಂದರಲ್ಲಿ, ಯಾವನ ತಲೆಯೋ, ಎರಡೂ ಕಡೆ.

ನಿಮ್ಮಪ್ಪ ಕಬ್ಬಿನ ಮಿಲ್ಲಿನಲ್ಲಿ ಬಾಯ್ಲರು ಕಾಯುತ್ತಿದ್ದ.
ಬೋನಸ್ಸು ಬಂದ ಒಂದೇ ಒಂದು ಕ್ರಿಸ್ಮಸ್ಸಿಗೆ
ನಿನಗೆ ಚರ್ಚಿನ ಎದುರಿನ ಅಂಗಡಿಯದು ತಂದ,
ತಮ್ಮ ವಾಲ್ಸಾಂಗೆ ಅಂಚೆಯಲ್ಲಿ ತರಿಸಿದ,
ದೊಡ್ಡ ಬಟ್ಟೆ ಮಳಿಗೆಯ ಕೆಟಲಾಗಿನಿಂದ.
ಹನ್ನೊಂದು ಡಾಲರು ಅಗ್ಗ.
ಕಾರ್ಖಾನೆ ಒಂದೇ. ಮಳಿಗೆಯವರು
ತಮ್ಮ ಹೆಸರು ಕೆತ್ತಿಸಿದರು, ಅರೆಬೆರಳು ಕಬ್ಬಿಣ ಉಳಿಸಿದರು.
"ಒಂದೇ ಬಳ್ಳಿಯ ಕಾಯಿ" ಅಂದನಂತೆ ನಿಮ್ಮಪ್ಪ.
ಸುಳ್ಳೇನಲ್ಲ.

ಆಮೇಲೆ ಹತ್ತೊಂಬತ್ತು ವರ್ಷ ಮಾತಿಲ್ಲ,
ಜವುಗಿನಲ್ಲಿ ಬಾತು ಕಾಯುವ ಒಂದು ಜೊಂಡಿನ ಮರೆಗೆ.
ಆ ಮರೆಯನ್ನು ಚಂಡಮಾರುತ ಎತ್ತಿಕೊಂಡು ಹೋಯಿತು.
ಮಾತು ಬರಲಿಲ್ಲ.
ಆಗಸ್ಟಿನಲ್ಲಿ ವಾಲ್ಸಾಂ ಹೋದ.
ನಿನ್ನ ನಳಿಗೆಯ ಬಾಯಿಗೆ ಕೆಸರು ಹೊಕ್ಕು,
ನೋಡದೆ ಹೊಡೆದೆ, ಹಾವು ಇಲಿ ನುಂಗಿದಂತೆ ಉಬ್ಬಿತು.
ನಾದಿನಿ ಕೊಟ್ಟಳೆಂದು
ಗೋಣಿಚೀಲದಲ್ಲಿ ಅವನ ನಳಿಗೆ ಸುತ್ತಿ ತಂದಿದ್ದೀಯ.
ಗೂಡು ಕೊಡಲಿಲ್ಲವಂತೆ.

ನೋಡು, ಹಾಕುತ್ತೇನೆ.
ಹೋಗುತ್ತದೆ, ಹೋಗುತ್ತದೆ... ನಿಂತಿತು.
ಬಳೆಗೂ ಕೊಳವೆಗೂ ನಡುವೆ
ಅರೆಬೆರಳು ಕಿಟಕಿಯ ಬೆಳಕು.

ಅರ ಹಾಕು ಅನ್ನುತ್ತೀಯ. ಹಾಕುವುದಿಲ್ಲ.
ಹಾಕಿದರೆ ಮುಚ್ಚಿದಂತೆ ಕಂಡೀತು,
ಮುಚ್ಚಿರುವುದಿಲ್ಲ.
ಮುಂದಿನ ತಿಂಗಳು ಸಣ್ಣ ಬಾತು ಇಳಿದಾಗ
ನಿನ್ನ ಕೆನ್ನೆಯ ಪಕ್ಕದಲ್ಲಿ ಅದು ನೆನಪಿಸಿಕೊಂಡೀತು
ತಾನು ಯಾರದೆಂದು.

ಕಾಫಿ ಕುಡಿ. ಚಿಕರಿ ಜಾಸ್ತಿಯಾಗಿದೆ, ಕುಡಿ.

ಏನಾದರೂ ಹೊಂದೀತೇ ಅಂತ ಕೇಳುತ್ತೀಯ.
ತೋಟ ಹೊಂದುತ್ತದೆ, ಬಾತಿಗೆ ವ್ಯತ್ಯಾಸ ತಿಳಿಯದು.
ಮತ್ತೆ, ತಡೆ,
ತುದಿಯಲ್ಲೊಂದು ಹಿತ್ತಾಳೆಯ ಗುಂಡಿ, ಗುರಿಗೆ.
ಸಾಸಿವೆಗಿಂತ ದೊಡ್ಡದು, ಕಡಲೆಗಿಂತ ಸಣ್ಣದು.
ಉಬ್ಬಿದ್ದು ಎಸೆದು, ನಿನ್ನ ಮಾದರಿಯ ಹಳೆ ನಳಿಗೆಯೊಂದನ್ನು
ನಾನೇ ಹುಡುಕಿ ಕೂರಿಸುತ್ತೇನೆ;
ಅದರ ಮೂತಿಗೆ ಇವನ ಗುಂಡಿ ತಿರುಪುತ್ತೇನೆ.
ತಿರುಪು ಒಂದೇ ಹಲ್ಲಿನದು. ಸ್ವಲ್ಪ ಎಡಕ್ಕೆ ವಾಲೀತು.

ಹದಿನೈದು ದಿನಕ್ಕೆ ಬಂದ.
ಗೋಡೆಯ ಕ್ಯಾಲೆಂಡರಿನ ಕೊಕ್ಕರೆಗೆ ಗುರಿಯಿಟ್ಟು
ಬಹಳ ಹೊತ್ತು ನಿಂತಿದ್ದ.
"ಅಪ್ಪನಿಗೆ ಗೊತ್ತಿತ್ತೇ?" ಎಂದ.
"ಹನ್ನೊಂದು ಡಾಲರು ಗೊತ್ತಿತ್ತು" ಎಂದೆ.

ವಾಲ್ಸಾಂನ ನಳಿಗೆ ನನ್ನ ಮೊಳೆಯಲ್ಲಿ ತೂಗುತ್ತಿದೆ,
ಬಾಲದಲ್ಲಿ ಒಂದು ಚೀಟಿ.
ಅದರ ಗೂಡು ಅವನ ಹೆಂಡತಿಯ ಮಂಚದಡಿ ಇದೆಯಂತೆ,
ಎರಡು ಮೈಲಿ, ಎತ್ತುಸೇತುವೆಯ ಆಚೆ.
ಇವತ್ತಿಗೂ ಯುಲೀಸ್ ದಾಟಿಲ್ಲ.
ದೋಣಿ ಬಂದಾಗಲೆಲ್ಲ ಸೇತುವೆ ಎದ್ದು ನಿಲ್ಲುತ್ತದೆ,
ಮತ್ತೆ ಮಲಗುತ್ತದೆ.