ಚಳಕು

ಎಂಟಕ್ಕೆ ಸರಿಯಾಗಿ ಫೋನು ಹಚ್ಚಿದರೂ
ಸಾಲಿನಲ್ಲಿ ನಾನು ಹತ್ತೊಂಬತ್ತನೆಯವಳು.
ಸ್ಪೀಕರಿನಲ್ಲಿಟ್ಟು, ಅಕ್ಕಿ ತೊಳೆದು, ಕುಕ್ಕರು ಏರಿಸಿ,
ಎಡಗಾಲನ್ನು ಸ್ಟೂಲಿನ ಮೇಲೆ ಪಾರ್ಸೆಲ್ಲಿನಂತೆ ಇಟ್ಟೆ.
ಜೋಪಾನ, ಒಡೆಯುವ ವಸ್ತು.

ಹನ್ನೊಂದು ವರ್ಷ ಷೆಫೀಲ್ಡಿನ ಏರು ಹತ್ತಿದ ಕಾಲು.
ವಾಕ್ಲಿಯ ಬೀದಿಗಳೋ, ಗೋಡೆಗೆ ಒರಗಿಸಿಟ್ಟ ಏಣಿಗಳು;
ಯಾವ ಮನೆಗೆ ಎಷ್ಟು ಮೆಟ್ಟಿಲು, ಯಾವ ಕಲ್ಲು ಅಲುಗುತ್ತದೆ,
ನನಗಿಂತ ಮೊದಲು ಅದಕ್ಕೇ ಗೊತ್ತಿತ್ತು.
ಬಿದ್ದದ್ದು ಮಾತ್ರ ಸಪಾಟು ನೆಲದಲ್ಲಿ,
ಟಪಾಲು ಡಿಪೋದಲ್ಲಿ, ಕಾಫಿ ಮಷೀನಿನ ಮುಂದೆ.
ಬಿದ್ದದ್ದೂ ಅಲ್ಲ.
ಯಾರೋ ಕರೆದರು, ತಿರುಗಿದೆ.
ಪಾದ ಅಲ್ಲೇ ಉಳಿಯಿತು.

ಮೊದಲ ಡಾಕ್ಟರು ಕಾಲು ನೋಡಲಿಲ್ಲ, ಪರದೆ ನೋಡಿದರು.
ಒಂದರಿಂದ ಹತ್ತರೊಳಗೆ ನೋವು ಎಷ್ಟು?
ನನ್ನ ಬಳಿ ಅಂಕಿ ಇರಲಿಲ್ಲ, ಮಾತಿದ್ದವು:
ಕೂತರೆ ಜೋಮು, ಎದ್ದರೆ ಸೆಳೆತ,
ಇಳಿಜಾರಿನಲ್ಲಿ ಒಳಗಿನಿಂದ ಮಿಂಚಿ ಹೋಗುವ
ಚಳಕು. ಅದನ್ನು ಇಂಗ್ಲಿಷಿನಲ್ಲಿ ಏನನ್ನಲಿ?
"ಆರು" ಅಂದೆ, ಸಂಕೋಚಕ್ಕೆ.
ಆರಕ್ಕೆ ಸಿಕ್ಕಿದ್ದು ಪ್ಯಾರಾಸಿಟಮಾಲ್, ಐಸು,
"ವಯಸ್ಸೂ ಆಯಿತಲ್ಲ" ಎಂಬ ಮುಗುಳ್ನಗೆ.
ನಲವತ್ತೇಳಕ್ಕೆ!

ಧಾರವಾಡದಿಂದ ತಂಗಿ ಹೇಳಿದಳು: ಎಕ್ಕದೆಲೆ ಕಾಸಿ ಕಟ್ಟು.
ಇಲ್ಲಿ ಎಕ್ಕ ಎಲ್ಲಿಂದ ತರಲಿ, ಕೋಸಿನೆಲೆ ಕಟ್ಟಿದೆ.
ಬೆಳಗಿಗೆ ಹಾಸಿಗೆ ತುಂಬ ಪಲ್ಯದ ವಾಸನೆ.

ಒಂದು ರಾತ್ರಿ ಮೂರಕ್ಕೆ ಮಂಡಿ ಸಿಕ್ಕಿಬಿತ್ತು,
ಮಡಚಲೂ ಒಲ್ಲದು, ಚಾಚಲೂ ಒಲ್ಲದು,
ನೀರು ಕುಡಿದು ಉಬ್ಬಿದ ಬಾಗಿಲ ಹಾಗೆ.
ಮಂಡಿಯೂರಿದರೆ ಸೋತಂತೆ ಅನ್ನುತ್ತಾರೆ;
ಊರಲಿಕ್ಕೇ ಆಗದವಳು ಏನು ಮಾಡಬೇಕು?
ಮತ್ತೆ ಎಂಟಕ್ಕೆ ಫೋನು. ಹದಿನಾಲ್ಕನೆಯವಳು.
ಈ ಸಲ ಸಂಕೋಚ ಬಿಟ್ಟಿದ್ದೆ.

ಬ್ರಾನ್ವೆನ್ ಎಂಬ ಫಿಸಿಯೋ, ಗಿಡ್ಡ ಹೆಂಗಸು, ತಣ್ಣನೆ ಕೈ,
ಅಂಕಿ ಕೇಳಲಿಲ್ಲ. ಹಿಮ್ಮಡಿ ಹಿಡಿದು ಮೆಲ್ಲಗೆ ತಿರುವಿದಳು.
ಲಟಕ್.
"ಅಯ್ಯೋ, ಚಳಕು!"
"ಹಾಂ, ಅದೇ" ಅಂದಳು, ಕನ್ನಡ ಬಂದವಳಂತೆ,
ಸ್ಪೆಲಿಂಗ್ ಕೇಳಿ ಬರೆದುಕೊಂಡಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ.
ಇದು ಒಳಗಿನದು, ಇದಕ್ಕೆ ಬೇಕಾಯಿತು
ಮೈಯನ್ನೇ ನುಂಗುವ, ಗುದ್ದಿ ಗುದ್ದಿ ಸದ್ದು ಮಾಡುವ ಕನ್ನಡಿ.
ಕಂಡಿತು: ಎರಡು ಮೂಳೆಗಳ ನಡುವೆ
ಬಿದಿಗೆ ಚಂದ್ರನಂಥ ಒಂದು ಮೆತ್ತೆ,
ಅದರ ಅಂಚು ಅವಸರದಲ್ಲಿ ಒಡೆದ ಲಕೋಟೆಯಂತೆ
ಹರಿದು ಒಳಕ್ಕೆ ಮಡಚಿಕೊಂಡಿತ್ತು.
ಆಗ ಅತ್ತೆ. ನೋವಿಗಲ್ಲ,
ನಾನು ಸುಳ್ಳು ಹೇಳಿರಲಿಲ್ಲವಲ್ಲ ಎಂದು.

ಆಪರೇಷನ್ನಿನ ದಿನ ಕಾಗದದಲ್ಲಿ ಬರುತ್ತದಂತೆ.
ಈಗ ನನ್ನ ಬೀದಿಗೆ ಬರುವವನು ಹೊಸ ಹುಡುಗ ಕ್ಯಾಲಮ್.
ಕಿಟಕಿಯ ಪಕ್ಕ ಕೂತು ತೊಡೆ ಬಿಗಿಹಿಡಿದು ಸಡಿಲಿಸುತ್ತೇನೆ,
ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಬ್ರಾನ್ವೆನ್ ಲೆಕ್ಕ.
ಕೆಳಗೆ ಅವನ ಬೂಟಿನ ಸದ್ದು,
ಎರಡೆರಡು ಮೆಟ್ಟಿಲು ಒಟ್ಟಿಗೇ ಹಾರುತ್ತಾನೆ.
ಕಿಟಕಿ ಎತ್ತಿ ಕೂಗಿದೆ:
"ಒಂದೊಂದೇ ಹತ್ತೋ, ಮಾರಾಯ.
ತಿರುಗುವಾಗ ಪಾದವನ್ನೂ ಜೊತೆಗೆ ಕರಕೊಂಡು ಹೋಗು."
ಏನು ತಿಳಿಯಿತೋ, ಕೈ ಬೀಸಿದ.

ಇವತ್ತು ಬರೀ ಪಿಜ್ಜಾದ ಕರಪತ್ರ.